ಒಂದೇ ನಂಬರಿನ ಹೆಂಗಸರು

ಜೂನ್ 2, ಸೋಮವಾರ

ಅಕ್ಕನನ್ನು ಆಸ್ಪತ್ರೆಯಿಂದ ಮನೆಗೆ ತಂದು ನಾಲ್ಕು ದಿನವಾಯಿತು. ಒಂದು ನೋಟ್‌ಬುಕ್ ಇಡಿ ಎಂದು ನರ್ಸ್ ಹೇಳಿದ್ದಾರೆ. ಏನು ತಿಂದಳು, ಎಷ್ಟು ಹೊತ್ತು ಕೂತಳು, ಎಷ್ಟು ಮಾತಾಡಿದಳು, ಎಲ್ಲವನ್ನೂ ದಿನಾ ಬರೆಯಬೇಕಂತೆ. ಬರೆಯೋಣ. ಮೂವತ್ತೊಂದು ವರ್ಷ ವಿಮಾ ಕಚೇರಿಯಲ್ಲಿ ಕೂತು ಊರವರ ಸಾವಿನ ಅರ್ಜಿಗಳನ್ನು ತುಂಬಿದವಳಿಗೆ ಇದೇನು ಮಹಾ.

ತಿಂದದ್ದು: ಎರಡು ಸೌಟು ಗಂಜಿ. ಕೂತದ್ದು: ಇಪ್ಪತ್ತು ನಿಮಿಷ. ಮಾತಾಡಿದ್ದು: ಒಂದೇ ಪದ. "ಧಿಕ್ಕಾರ."

ಬಲಗೈ, ಬಲಗಾಲು ಎರಡೂ ಸ್ವಾಧೀನದಲ್ಲಿಲ್ಲ. ಮಾತೆಲ್ಲ ಅಳಿಸಿಹೋಗಿ ಈ ಒಂದು ಪದ ಮಾತ್ರ ಉಳಿದಿದೆ. ನೀರು ಬೇಕಾದರೂ ಧಿಕ್ಕಾರ, ಫ್ಯಾನು ನಿಲ್ಲಿಸಬೇಕಾದರೂ ಧಿಕ್ಕಾರ. ಡಾಕ್ಟರು "ಹೇಗಿದ್ದೀರಮ್ಮ" ಎಂದಾಗಲೂ ಅದನ್ನೇ ಅಂದಳು. ಪಾಪ, ಆತ ಎರಡು ಹೆಜ್ಜೆ ಹಿಂದೆ ಸರಿದ. ನಲವತ್ತು ವರ್ಷ ಬೀದಿಯಲ್ಲಿ ನಿಂತು ಕೂಗಿದ್ದು ನಾಲಿಗೆಗೆ ಅಂಟಿಕೊಂಡುಬಿಟ್ಟಿದೆ. ಯಾರೋ ಕೂಗಿದ್ದಕ್ಕೆ ನಾಲ್ಕು ಸಲ ದನಿಗೂಡಿಸಿ ಆಮೇಲೆ ಕೆಲಸ ಹಿಡಿದ ನನ್ನಂಥವಳಿಗೆ ಹೀಗಾಗಿದ್ದರೆ ಯಾವ ಪದ ಉಳಿಯುತ್ತಿತ್ತೋ. ಬಹುಶಃ "ಮುಂದಿನವರು ಬನ್ನಿ".

ಮಧ್ಯಾಹ್ನ ಅಕ್ಕನ ಕಾರ್ಮಿಕ ಸಂಘದ ವಕೀಲೆ ಬಂದಿದ್ದಳು. ಅಕ್ಕನ ಕೈ ಹಿಡಿದು ಸುಮ್ಮನೆ ಕೂತಿದ್ದು, ಹೊರಡುವಾಗ ನನ್ನನ್ನು ಅಡುಗೆಮನೆಗೆ ಕರೆದಳು.

"ಇಪ್ಪತ್ಮೂರಕ್ಕೆ ವಿಚಾರಣೆ ಇದೆ. ನಿಮ್ಮಿಂದ ಒಂದು ಕೆಲಸ ಆಗಬೇಕು."

"ನಾನು ಸಂಘ ಬಿಟ್ಟು ಮೂವತ್ತು ವರ್ಷದ ಮೇಲಾಯ್ತು ಕಣಮ್ಮ."

"ಸಂಘದ ಕೆಲಸ ಅಲ್ಲ. ಕಂಪ್ಯೂಟರ್ ಕೆಲಸ."

ವಿಷಯ ಇಷ್ಟು. ಆಸ್ಪತ್ರೆಗಳ ಚಾದರ ಒಗೆಯುವ ದೊಡ್ಡ ಲಾಂಡ್ರಿಯಿಂದ ಕಳೆದ ತಿಂಗಳು ಅರವತ್ತನಾಲ್ಕು ಹೆಂಗಸರನ್ನು ಹೊರಗೆ ಹಾಕಿದ್ದಾರೆ. ಅವರ ಜೊತೆ ಗೇಟಿನ ಮುಂದೆ ನಿಂತಿದ್ದಾಗಲೇ ಅಕ್ಕ ಬಿದ್ದದ್ದು. ಇವರಲ್ಲಿ ಯಾರೂ ಹನ್ನೊಂದು ತಿಂಗಳಿಗಿಂತ ಹೆಚ್ಚು ದುಡಿದೇ ಇಲ್ಲ, ಆದ್ದರಿಂದ ಯಾವ ಹಕ್ಕೂ ಇಲ್ಲ ಎನ್ನುತ್ತದೆ ಕಂಪನಿ. ಕಾಗದದಲ್ಲಿ ಅದು ನಿಜವೂ ಹೌದು. ಹನ್ನೊಂದು ತಿಂಗಳಾದ ಕೂಡಲೇ ಗುತ್ತಿಗೆದಾರನ ಗುಮಾಸ್ತ ಹಳೇ ಕಾರ್ಡು ಕಿತ್ತುಕೊಂಡು, ಬೇರೆ ಹೆಸರು ಬರೆದ ಹೊಸ ಕಾರ್ಡು ಕೊಡುತ್ತಾನೆ. ಅದೇ ಹೆಂಗಸು, ಅದೇ ಯಂತ್ರ, ಅದೇ ಸುಟ್ಟ ಕೈ. ಹೆಸರು ಮಾತ್ರ ಹೊಸದು.

"ಇವರು ಯಾರು, ಯಾವ್ಯಾವ ದಿನ ದುಡಿದ್ರು ಅನ್ನೋದು ಒಂದೇ ಕಡೆ ಇರೋದು," ಎಂದಳು ವಕೀಲೆ. "ನಿಮ್ಮಕ್ಕನ ಕಂಪ್ಯೂಟರಿನ ಕ್ಯಾಲೆಂಡರಲ್ಲಿ. ಒಂಬತ್ತು ವರ್ಷದ್ದು. ಆ ಕಂಪ್ಯೂಟರು ಕಟಕಟ ಅಂತಿದೆ. ಪ್ರಾಣ ಬಿಡೋ ಮುಂಚೆ ನಕಲು ತೆಗೀಬೇಕು. ಸಂಘದೋರು ಯಾರೂ ಅದನ್ನ ಮುಟ್ಟಿದೋರಲ್ಲ. ನೀವು ಕಚೇರಿಯವರು."

ಒಂದು ದಿನದ ಕೆಲಸ. ಮಾಡಿಕೊಟ್ಟು ಕೈ ತೊಳೆದುಕೊಳ್ಳುತ್ತೇನೆ ಎಂದೆ. ಅವರ ಕೇಸು, ಅವರ ಪಾಡು.

ಜೂನ್ 4, ಬುಧವಾರ

ತಿಂದದ್ದು: ಗಂಜಿ, ಅರ್ಧ ಬಾಳೆಹಣ್ಣು. ಕೂತದ್ದು: ಅರ್ಧ ಗಂಟೆ. ಮಾತು: ಅದೇ.

ಪಕ್ಕದ ಮನೆಯಾಕೆಯನ್ನು ಅಕ್ಕನ ಬಳಿ ಕೂರಿಸಿ ಸಂಘದ ಕೋಣೆಗೆ ಹೋಗಿದ್ದೆ. ಬೀಗ ರಿಪೇರಿ ಅಂಗಡಿಯ ಹಿಂದೆ, ಎರಡು ಮಂಚ ಹಾಕಿದರೆ ತುಂಬುವಷ್ಟು ಜಾಗ. ಒಂದೇ ಕಿಟಕಿ, ಲಾಂಡ್ರಿಯ ಗೇಟಿಗೆ ನೇರ. ಪಾಳಿಗೆ ಹೋಗುವ ಹೆಂಗಸರು ಕಿಟಕಿ ದಾಟುವಾಗ ತಮ್ಮ ಹೆಸರು ಕೂಗಿ ಹೋಗುತ್ತಿದ್ದರಂತೆ, ಅಕ್ಕ ಒಳಗೆ ಕೂತು ಕಂಪ್ಯೂಟರಿನಲ್ಲಿ ಒತ್ತಿಕೊಳ್ಳುತ್ತಿದ್ದಳಂತೆ. ಒಂಬತ್ತು ವರ್ಷ, ದಿನಕ್ಕೆ ಮೂರು ಪಾಳಿ. ನಮ್ಮ ಕಚೇರಿಯಲ್ಲಿ ಹಾಜರಿ ಪುಸ್ತಕವನ್ನು ಇಷ್ಟು ನಿಷ್ಠೆಯಿಂದ ಯಾರೂ ಬರೆದದ್ದು ನಾನು ಕಾಣೆ.

ಕಂಪ್ಯೂಟರು ನಿಜಕ್ಕೂ ಕಟಕಟ ಎನ್ನುತ್ತದೆ, ಹಲ್ಲು ಕಡಿಯುವ ಮುದುಕನ ಹಾಗೆ. ತೆರೆದುಕೊಳ್ಳಲು ಹನ್ನೆರಡು ನಿಮಿಷ ತೆಗೆದುಕೊಂಡಿತು.

ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಒಂದಾದರೂ ನೆಟ್ಟಗಿನ ಹೆಸರಿಲ್ಲ. ಸೂಜಿ. ಗಂಟಲು. ಉದ್ದವಳು. ಎರಡನೇ ರೋಲರ್. ನಗೋಳು. ಹೆಸರು ಗುಮಾಸ್ತನ ಕೈಯಲ್ಲಿದ್ದರೆ ಹೆಂಗಸರಿಗೆ ಅಡ್ಡಹೆಸರೇ ಗತಿ, ಅದು ಅರ್ಥವಾಗುತ್ತದೆ. ಆದರೆ ನಂಬರುಗಳು? ಒಂದೇ ನಂಬರು ಐದೈದು ಕಡೆ. ಹಿಂದೆಮುಂದೆ ನೋಡದೆ ತುಂಬಿದ್ದಾಳೆ. ಅಕ್ಕನಿಗೆ ಅಚ್ಚುಕಟ್ಟು ಎಂಬುದು ಹುಟ್ಟಿನಿಂದಲೇ ಇಲ್ಲ.

ನನ್ನ ನಂಬರನ್ನೂ ಹುಡುಕಿದೆ. ಇತ್ತು. "ತಂಗಿ, ಸಹಿ ಹಾಕಿದವಳು."

ಯಾವುದೇ ಸಂಘಟನೆಗೆ ಸೇರುವುದಿಲ್ಲ ಎಂದು ವಿಮಾ ಕಚೇರಿಯವರು ಸಹಿ ಕೇಳಿದ್ದರು, ಹಾಕಿದ್ದೆ. ಆಗ ಅವಳು ಒಂದು ಮಾತೂ ಅಂದಿರಲಿಲ್ಲ. ಇಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಇರಲಿ, ಸುಳ್ಳೇನೂ ಅಲ್ಲವಲ್ಲ.

ಜೂನ್ 5, ಗುರುವಾರ

ಕೆಲಸ ಮುಗಿಯಿತು.

ನಕಲು ಮಾಡುವ ಮುಂಚೆ ಪಟ್ಟಿಯನ್ನು ಶುಚಿ ಮಾಡಿದೆ. ಕಸವನ್ನು ಯಾರಾದರೂ ನಕಲು ಮಾಡುತ್ತಾರೆಯೇ? ಒಂದೇ ನಂಬರು ಹಲವು ಕಡೆ ಇದೆ, ಒಂದು ಮಾಡಲೇ ಎಂದು ಕಂಪ್ಯೂಟರೇ ಕೇಳಿತು. ಮಾಡು, ಎಲ್ಲವನ್ನೂ ಮಾಡು ಎಂದು ಒತ್ತಿದೆ. ಒಂದು ನಂಬರಿಗೆ ಒಬ್ಬ ಗ್ರಾಹಕ, ನಮ್ಮ ಕಚೇರಿಯ ಮೊದಲ ಪಾಠ. ಆಮೇಲೆ ಕ್ಯಾಲೆಂಡರು, ಪಟ್ಟಿ ಎರಡನ್ನೂ ಪೆನ್‌ಡ್ರೈವಿಗೆ ಇಳಿಸಿದೆ. ಇಡೀ ಒಂಬತ್ತು ವರ್ಷ ಹೆಬ್ಬೆರಳಿನಷ್ಟು ಜಾಗದಲ್ಲಿ ಕೂತುಬಿಟ್ಟಿತು. ವಕೀಲೆಗೆ ಫೋನು ಮಾಡಿ ಶನಿವಾರ ಕೊಡುತ್ತೇನೆ ಎಂದೆ.

ಅಕ್ಕನಿಗೂ ಹೇಳಿದೆ. "ನಿನ್ನ ಕಂಪ್ಯೂಟರ್ ನಕಲು ಆಯ್ತು ಕಣೆ. ನೆಮ್ಮದಿಯಾಗಿ ಮಲಗು." ಅವಳು ಎಡಗೈ ಎತ್ತಿ ಅಡುಗೆಮನೆಯ ಗೂಡಿನಲ್ಲಿದ್ದ ಬಿಸ್ಕತ್ ಡಬ್ಬಿ ತೋರಿಸಿದಳು. "ಧಿಕ್ಕಾರ." ಬಿಸ್ಕತ್ ಕೊಟ್ಟೆ. ಎಸೆದಳು. ಇನ್ನೊಂದು ಕೊಟ್ಟೆ. ಅದನ್ನೂ ಎಸೆದಳು. ನೆಲ ಗುಡಿಸಿದ್ದು ಎರಡು ಸಲ.

ಜೂನ್ 7, ಶನಿವಾರ

ವಕೀಲೆಗೆ ಕೊಡುವ ಮುಂಚೆ ಒಮ್ಮೆ ಹೊಂದಿಸಿ ನೋಡೋಣ ಎಂದು ಬೆಳಿಗ್ಗೆ ಸಂಘದ ಕೋಣೆಗೆ ಹೋಗಿ ಕಂಪ್ಯೂಟರು ಹಾಕಿದೆ. ಕಟಕಟ ಇಲ್ಲ. ಪರದೆಯೂ ಇಲ್ಲ. ರಿಪೇರಿಯವನ ಅಂಗಡಿಗೆ ಆಟೋದಲ್ಲಿ ಹಾಕಿಕೊಂಡು ಹೋದೆ. ಒಂದು ಕಾಲಕ್ಕೆ ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ. ಕಂಪ್ಯೂಟರಿಗೂ ಮೊದಲು ಕಿವಿ ಕೊಟ್ಟು ಕೇಳುತ್ತಾನೆ.

"ಡಿಸ್ಕು ತೀರಿಕೊಂಡಿದೆ ಕಣಮ್ಮ. ಮಣ್ಣು ಮಾಡೋದೊಂದೇ ಬಾಕಿ."

"ಚಿಂತೆ ಇಲ್ಲ ಬಿಡಿ, ನಕಲಿದೆ," ಎಂದು ಹೆಮ್ಮೆಯಿಂದ ಪೆನ್‌ಡ್ರೈವ್ ಕೊಟ್ಟೆ. ಅವನ ಕಂಪ್ಯೂಟರಿನಲ್ಲಿ ತೆರೆದೆವು. ಅರವತ್ತನಾಲ್ಕು ಹೆಂಗಸರು ಇರಬೇಕಾದ ಕಡೆ ಹತ್ತೊಂಬತ್ತು ಜನ ಇದ್ದರು.

ಎಣಿಸಿದೆ. ಮತ್ತೆ ಎಣಿಸಿದೆ. ಹತ್ತೊಂಬತ್ತೇ.

ಅವನು ಕನ್ನಡಕ ಮೇಲೆತ್ತಿ ಪರದೆಯನ್ನೂ ನನ್ನನ್ನೂ ನೋಡಿದ. "ಇವರು ಯಾರಮ್ಮ?"

"ಲಾಂಡ್ರಿ ಹೆಂಗಸರು."

"ಅವರ ಸಾಲುಮನೇಲಿ ಮೂರು ಮನೆಗೋ ಐದು ಮನೆಗೋ ಒಂದು ಫೋನು. ನಾನೇ ಆಗಾಗ ರಿಪೇರಿ ಮಾಡ್ತೀನಿ. ನೀವು ಫೋನಿನ ಲೆಕ್ಕದಲ್ಲಿ ಹೆಂಗಸರನ್ನ ಎಣಿಸಿಬಿಟ್ರಾ?"

ಕ್ಯಾಲೆಂಡರಿನಲ್ಲೂ ಅದೇ ಕಥೆ. ಅಕ್ಕ ಪ್ರತಿ ದಿನಕ್ಕೂ ಪಟ್ಟಿಯಿಂದಲೇ ಹೆಸರು ಎಳೆದು ಜೋಡಿಸಿದ್ದಳು. ಪಟ್ಟಿಯಲ್ಲಿ ಐವರು ಒಬ್ಬಳಾದ ಕೂಡಲೇ ಒಂಬತ್ತು ವರ್ಷದ ಪ್ರತಿ ದಿನದಲ್ಲೂ ಐವರು ಒಬ್ಬಳಾಗಿದ್ದಾರೆ. ಸೂಜಿ ಹೋಗಿದ್ದಾಳೆ. ನಗೋಳು ಹೋಗಿದ್ದಾಳೆ. ನಲವತ್ತೈದು ಜನ ಇಲ್ಲವೇ ಇಲ್ಲ.

ಗುತ್ತಿಗೆದಾರನ ಗುಮಾಸ್ತ ಹನ್ನೊಂದು ತಿಂಗಳಿಗೊಮ್ಮೆ ಮಾಡುತ್ತಿದ್ದುದನ್ನು ನಾನು ಒಂದೇ ಗುಂಡಿ ಒತ್ತಿ ಮಾಡಿದ್ದೇನೆ. ಅವನಿಗಾದರೂ ಕೂಲಿ ಸಿಗುತ್ತಿತ್ತು.

ವಕೀಲೆಗೆ ಫೋನಿನಲ್ಲಿ ಹೇಳಿದೆ. ಅವಳು ಅಲ್ಲೇ ದಿನ ಎಣಿಸುವುದು ಕೇಳಿಸಿತು. ಆಮೇಲೆ, "ಇನ್ನು ಹದಿನಾರು ದಿನ ಇದೆ," ಎಂದಳು. ಅಷ್ಟೇ.

ಜೂನ್ 8, ಭಾನುವಾರ

ಅಕ್ಕನಿಗೆ ಹೇಳಿಲ್ಲ. ತಿಂದದ್ದು ಬರೆಯಲು ಮನಸ್ಸಿಲ್ಲ.

ಜೂನ್ 10, ಮಂಗಳವಾರ

ಮತ್ತೆ ಡಬ್ಬಿಯ ಕಡೆ ಕೈ. ಬಿಸ್ಕತ್ ಕೊಟ್ಟರೆ ಉಗುಳುತ್ತಾಳೆ. ಡಬ್ಬಿಯನ್ನೇ ಕೈಗೆ ಕೊಟ್ಟೆ. ಅಲುಗಾಡಿಸಿದಳು, ಬಿಸ್ಕತ್ತನ್ನೆಲ್ಲ ಮಡಿಲಿಗೆ ಸುರಿದಳು, ಬರಿ ಡಬ್ಬಿಯನ್ನು ನನ್ನ ಮುಖಕ್ಕೆ ಹಿಡಿದು "ಧಿಕ್ಕಾರ, ಧಿಕ್ಕಾರ" ಎಂದಳು. ಕಣ್ಣಲ್ಲಿ ನೀರು. ಮಿದುಳು ಇನ್ನೂ ಕೆಡುತ್ತಿದೆಯೇನೋ. ನರ್ಸಿಗೆ ಫೋನು ಮಾಡಿದೆ. ಬರೆದಿಡಿ ಎಂದರು. ಬರೆದಿದ್ದೇನೆ.

ಕಂಪ್ಯೂಟರಿನ ವಿಷಯವನ್ನೂ ಇವತ್ತು ಹೇಳಿಬಿಟ್ಟೆ. ಬಚ್ಚಿಟ್ಟುಕೊಂಡು ಅವಳಿಗೆ ಗಂಜಿ ಕುಡಿಸಲು ಆಗಲಿಲ್ಲ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಗೋಡೆಯ ಕಡೆ ತಿರುಗಿ ಮಲಗಿದಳು.

ಜೂನ್ 11, ಬುಧವಾರ

ಸಾಲುಮನೆಗೆ ಹೋಗಿದ್ದೆ. ನಾಳೆ ಹೋಗಬೇಕೋ ಬೇಡವೋ ನೋಡೋಣ.

ಹತ್ತೊಂಬತ್ತು ನಂಬರುಗಳಿಗೂ ಫೋನು ಮಾಡಿ ಕರೆಸಿ ಎಂದು ವಕೀಲೆ ಹೇಳಿದ್ದಳು. ಮಾಡಿದೆ. ಎತ್ತಿದವರು "ಯಾರು ಬೇಕಿತ್ತು?" ಎಂದಾಗ ಫೋನು ಇಟ್ಟುಬಿಟ್ಟೆ. ಹೆಸರು ಅಳಿಸಿದವಳು ಯಾರನ್ನು ಕರೆಯುವುದು? ಅದಕ್ಕೆ ನಡೆದೇ ಹೋದೆ.

ಲಾಂಡ್ರಿಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತ ಎರಡು ಸಾಲು, ಒಂದೊಂದು ಕೋಣೆಯ ಮನೆಗಳು. ಚರಂಡಿಯಲ್ಲಿ ಬ್ಲೀಚಿನ ವಾಸನೆ. ಮೊದಲ ಬಾಗಿಲಲ್ಲೇ ಒಬ್ಬಳು ಅಡ್ಡ ನಿಂತಳು. ಅವಳ ಗಂಟಲು ಕೇಳಿದ ಕೂಡಲೇ ಪಟ್ಟಿಯಲ್ಲಿದ್ದ 'ಗಂಟಲು' ಇವಳೇ ಎಂದು ಗೊತ್ತಾಯಿತು. ಚಾದರ ಇಸ್ತ್ರಿ ಮಾಡುವ ರೋಲರಿನ ಸದ್ದಿನ ಮೇಲೆ ಎಂಟು ವರ್ಷ ಕೂಗಿ ಕೂಗಿ ಅವಳಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ.

"ನೀನು ಅಕ್ಕನ ತಂಗಿ ಅಲ್ವಾ? ವಿಮೆಯೋಳು?"

ಹೌದೆಂದೆ. ನಡೆದದ್ದನ್ನು ಹೇಳಿದೆ. ಅಷ್ಟರಲ್ಲಿ ಏಳೆಂಟು ಹೆಂಗಸರು ಸೇರಿದ್ದರು. ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಉದ್ದನೆಯ ಹೆಂಗಸು ಕೇಳಿದಳು.

"ಈಗ ನಾವೈದು ಜನಾನೂ ಒಬ್ಬಳೇನಾ?"

"ಹೌದಮ್ಮ. ಕಂಪ್ಯೂಟರಲ್ಲಿ."

"ಹಾಗಾದ್ರೆ ಒಬ್ಬಳೇ ದಿನಕ್ಕೆ ನಲವತ್ತು ಗಂಟೆ ದುಡಿದಿದ್ದಾಳೆ. ಕಂಪನಿಯೋರು ಓಡಿ ಬಂದು ಕೆಲಸಕ್ಕೆ ತಗೋತಾರೆ ಬಿಡು."

ಎಲ್ಲರೂ ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಗು ಸಾಕು," ಎಂದಳು ಗಂಟಲು. "ಇವಳಿಗೆ ಒಂದು ಮಣೆ ಕೊಡ್ರೇ. ತಪ್ಪು ಮಾಡಿದೋಳು ನಿಂತ್ಕೊಂಡು ಬರೆಯೋಕಾಗಲ್ಲ. ಕೂತ್ಕೊಂಡು ಬರೀಲಿ."

ಬರೆಯಲು ನನ್ನ ಬಳಿ ಇದ್ದದ್ದು ಈ ನೋಟ್‌ಬುಕ್ ಒಂದೇ. ಹಿಂದಿನ ಪುಟದಿಂದ ಶುರು ಮಾಡಿದೆ. ನರ್ಸು ಏನನ್ನುತ್ತಾರೋ.

ಜೂನ್ 13, ಶುಕ್ರವಾರ

ಮೂರು ದಿನಕ್ಕೆ ಮೂವತ್ತೆಂಟು ಜನ. ಎಲ್ಲರ ಅಡ್ಡಹೆಸರು, ಯಾವ ಯಂತ್ರ, ಯಾವ ಪಾಳಿ, ಜೊತೆಗೆ ದುಡಿದವರು ಯಾರು. ಮೇ ತಿಂಗಳಲ್ಲಿ, ಹೊರಗೆ ಹಾಕುವವರೆಗೆ ದುಡಿದ ದಿನಗಳು ಎಲ್ಲರಿಗೂ ನೆನಪಿವೆ, ಒಬ್ಬರು ತಪ್ಪಿದರೆ ಪಕ್ಕದವರು ತಿದ್ದುತ್ತಾರೆ. ಅದರ ಹಿಂದಿನ ಒಂಬತ್ತು ವರ್ಷವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಕೈ ಸುಟ್ಟ ದಿನ, ಹೆರಿಗೆಯಾಗಿ ಮರಳಿದ ದಿನ, ಹೊಸ ಹೆಸರು ಕೊಟ್ಟ ದಿನ. ನೆನಪಿರುವುದು ಅಷ್ಟೇ.

ಹೊಸ ಹೆಸರಿನ ದಿನ ಗುಮಾಸ್ತ ಸಾಲಾಗಿ ನಿಲ್ಲಿಸುತ್ತಿದ್ದನಂತೆ. ನಗೋಳು ಹೇಳಿದ್ದು: "ಒಂದು ಸಲ ಅವನಿಗೆ ಹೆಸರು ಹೊಳೀಲಿಲ್ಲ ಕಣಕ್ಕ. ತನ್ನ ಅತ್ತೆ ಹೆಸರನ್ನೇ ನಂಗಿಟ್ಟ. ಹನ್ನೊಂದು ತಿಂಗಳು ನನ್ನ ಕಂಡರೆ ಹೆದರುತಿದ್ದ."

ಇಷ್ಟು ನಗುವ ಜನ ಏನಾದರೂ ಬಚ್ಚಿಟ್ಟುಕೊಂಡೇ ನಗುವುದು. ಅವಳ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಕೇಳಿದ ಮೇಲೆ ತೋರಿಸಿದಳು.

ಆಸ್ಪತ್ರೆಯಲ್ಲಿ ಅಕ್ಕ ಮಲಗಿದ್ದಾಗ ಅವಳ ಹಾಸಿಗೆಯ ಚಾದರ ಎಷ್ಟು ಬೆಳ್ಳಗಿದೆ ಎಂದುಕೊಂಡಿದ್ದೆ. ಬೆಳ್ಳಗೆ ಮಾಡಿದ ಕೈ ನೋಡಿರಲಿಲ್ಲ. ಈ ದೇಶದ ಎಲ್ಲ ಬಿಳುಪೂ ಹೀಗೆಯೇ ಇರಬೇಕು, ಯಾರದೋ ಚರ್ಮ ಸುಲಿದದ್ದು.

ಅಕ್ಕ: ಗಂಜಿ ಪೂರ್ತಿ. ಕೂತದ್ದು ಒಂದು ಗಂಟೆ. ಧಿಕ್ಕಾರದಲ್ಲಿ ಬೇರೆಬೇರೆ ಇವೆ ಎಂದು ಈಗ ಗೊತ್ತಾಗುತ್ತಿದೆ. ಕೊನೆ ಎಳೆದರೆ ನೀರು. ಮೊಟಕಾದರೆ ಸಾಕು. ಎರಡು ಸಲ ಜೋರಾಗಿ ಅಂದರೆ ನಾನು ದಡ್ಡಿ.

ಜೂನ್ 16, ಸೋಮವಾರ

ಮೊದಲಿನಿಂದ ಬರೆಯುತ್ತೇನೆ.

ಇವತ್ತು ಸೂಜಿಯ ಮನೆ. ಚಾದರದ ಮಡಿಕೆಯಲ್ಲಿ ಉಳಿದಿದ್ದ ಆಸ್ಪತ್ರೆಯ ಸೂಜಿ ಚುಚ್ಚಿ ಆರು ತಿಂಗಳು ಜ್ವರದಲ್ಲಿ ಬಿದ್ದಿದ್ದವಳು. ಮಾತು ಕಡಿಮೆ. ನನ್ನ ಪ್ರಶ್ನೆಗೆಲ್ಲ ತಲೆಯಾಡಿಸಿ ಮುಗಿಸಿದಳು. ನಾನು ಏಳುವಾಗ, "ಅಕ್ಕ ಹೇಗಿದ್ದಾರೆ?" ಎಂದಳು.

"ಮಾತಿಲ್ಲ. ಬಿಸ್ಕತ್ ಡಬ್ಬಿ ತೋರಿಸ್ತಾಳೆ, ಕೊಟ್ರೆ ಎಸೀತಾಳೆ. ಬರಿ ಡಬ್ಬಿ ಹಿಡ್ಕೊಂಡು ಅಳ್ತಾಳೆ."

ಅವಳು ಒಲೆಯ ಪಕ್ಕದ ಹಲಗೆಯ ಮೇಲಿಂದ ಒಂದು ಡಬ್ಬಿ ಇಳಿಸಿ, ಅಕ್ಕಿಯೊಳಗೆ ಕೈ ಹಾಕಿ, ಚಾದರದ ತುಂಡಿನಲ್ಲಿ ಸುತ್ತಿದ್ದ ಒಂದು ಸಣ್ಣ ಗಂಟು ತೆಗೆದಳು. ಬಿಚ್ಚಿದರೆ ಪೆನ್‌ಡ್ರೈವ್. ಮೇಲೆ ಅಂಟಿಸಿದ ಚೀಟಿಯಲ್ಲಿ ಅಕ್ಕನ ಕೋಳಿಕಾಲು ಅಕ್ಷರದಲ್ಲಿ ತಾರೀಖು. ನಾಲ್ಕು ವರ್ಷದ ಹಿಂದಿನದು.

"ಇದರಲ್ಲಿ ನಿಮ್ಮ ದಿನಗಳಿವೆ, ನೀರು ಸೋಕಿಸಬೇಡ ಅಂದಿದ್ರು. ಯಾರಿಗೂ ಹೇಳಬೇಡ ಅಂತಾನೂ ಅಂದಿದ್ರು. ನನ್ನೊಬ್ಬಳಿಗೇ ಕೊಟ್ಟಿದ್ದು."

ಹೊರಗೆ ಬಂದು ಗಂಟಲಿಗೆ ತೋರಿಸಿದೆ. ಅವಳ ಬಾಯಿ ಜೀವನದಲ್ಲಿ ಮೊದಲ ಸಲ ಮುಚ್ಚಿಕೊಂಡಿತು. ಸೀದಾ ತನ್ನ ಮನೆಯೊಳಗೆ ಹೋದಳು. ಗುಂಡಿ ಡಬ್ಬಿಯಿಂದ ಇನ್ನೊಂದು ತಂದಳು.

"ನನ್ನೊಬ್ಬಳಿಗೇ ಅಂದಿದ್ಲಲ್ಲೇ ಆ ಮುದುಕಿ."

ನನಗೆ ಹೊಳೆಯಬೇಕಿತ್ತು. ಬೇರೆ ಯಾರಿಗೆ ಹೊಳೆಯದಿದ್ದರೂ ನನಗೆ. ಕಾಲೇಜಿನಲ್ಲಿದ್ದಾಗ ಕರಪತ್ರಗಳನ್ನು ಹೀಗೇ ಇಡುತ್ತಿದ್ದೆವು. ಏಳು ಮನೆ, ಏಳು ಕಟ್ಟು, ಒಂದು ಮನೆಗೆ ಇನ್ನೊಂದು ಗೊತ್ತಿರಬಾರದು. ಪೊಲೀಸರು ಒಂದು ಕಡೆ ನುಗ್ಗಿದರೆ ಆರು ಉಳಿಯಬೇಕು. ಆ ಪಾಠವನ್ನು ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಕಲಿತದ್ದು. ಅವಳು ಮರೆಯಲಿಲ್ಲ.

ಮನೆಗೆ ಬಂದು ಎರಡನ್ನೂ ಅಕ್ಕನ ಮಡಿಲಿಗೆ ಹಾಕಿದೆ. ಎಡಗೈಯಿಂದ ಅವನ್ನು ಸವರಿದಳು. ಆಮೇಲೆ ನನ್ನ ತಲೆಗೆ ಒಂದು ಮೊಟಕಿದಳು, ನೋವಾಗುವ ಹಾಗೆ. ಎರಡು ಸಲ ಜೋರಾಗಿ ಧಿಕ್ಕಾರ.

ಒಪ್ಪಿಕೊಂಡೆ.

ಜೂನ್ 18, ಬುಧವಾರ

ಸಾಲುಮನೆಯ ಡಬ್ಬಿಗಳೆಲ್ಲ ಬರಿದಾಗಿವೆ. ಅಕ್ಕಿ, ಉಪ್ಪು, ಗುಂಡಿ, ನಶ್ಯ. ಒಟ್ಟು ಹದಿನಾಲ್ಕು "ಅಕ್ಕನ ಕಡ್ಡಿ" ಸಿಕ್ಕಿವೆ, ಪೆನ್‌ಡ್ರೈವನ್ನು ಅವರು ಕರೆಯುವುದು ಹಾಗೆ. ರಿಪೇರಿಯವ ಒಂದೊಂದಾಗಿ ಹಾಕಿ ನೋಡಿದ. ಮೂರು ಸತ್ತಿವೆ. ಅದರಲ್ಲಿ ಒಂದು ಉದ್ದವಳ ರವಿಕೆಯ ಮಡಿಕೆಯಲ್ಲಿ ಕೂತು ಲಾಂಡ್ರಿಯ ದೊಡ್ಡ ಯಂತ್ರಕ್ಕೇ ಹೋಗಿಬಂದಿದೆ.

"ಇದು ಬಹಳ ಶುಭ್ರವಾಗಿದೆ," ಎಂದ ರಿಪೇರಿಯವ. "ಒಳಗೆ ಏನೂ ಇಲ್ಲ."

ಉದ್ದವಳು ಇವತ್ತು ಬೆಳಿಗ್ಗೆಯಿಂದ ಯಾರ ಹತ್ತಿರವೂ ಮಾತಾಡಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. "ನೀನು ಒಂದನ್ನು ಒಗೆದೆ, ನಾನು ಇಡೀ ಮೂಟೆ ಒಗೆದೆ," ಎಂದೆ. ಆಮೇಲೆ ಮಾತಾಡಿದಳು.

ಉಳಿದ ಹನ್ನೊಂದು ಓದಲು ಬರುತ್ತವೆ. ಬೇರೆಬೇರೆ ವರ್ಷದ್ದು. ಕೊನೆಯದು ಏಪ್ರಿಲ್ ಮೂವತ್ತರದು. ಅದರಲ್ಲಿ ಅರವತ್ತನಾಲ್ಕೂ ಜನ ಇದ್ದಾರೆ, ಸೂಜಿ ಸೂಜಿಯಾಗಿ, ನಗೋಳು ನಗೋಳಾಗಿ. ಅದಾದ ಮೇಲಿನ ದಿನಗಳು ಈ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿವೆ.

ಕಂಪ್ಯೂಟರಿಗೆ ಹೊಸ ಡಿಸ್ಕು ಹಾಕಿಸಿ ಎಲ್ಲವನ್ನೂ ಇಳಿಸಿದೆ. ಇಳಿಸುವಾಗ ಅದು ಮತ್ತೆ ಅದೇ ಪ್ರಶ್ನೆ ಕೇಳಿತು, ಒಂದು ಮಾಡಲೇ ಎಂದು. ಕುರ್ಚಿಯಿಂದ ಎದ್ದುಬಿಟ್ಟೆ. ರಿಪೇರಿಯವನೇ ಬಂದು ಬೇಡ ಎಂದು ಒತ್ತಿದ. "ನೀವು ಸ್ವಲ್ಪ ದೂರ ಕೂತ್ಕೊಳಿ ತಾಯಿ."

ಜೂನ್ 21, ಶನಿವಾರ

ವಕೀಲೆಯ ಮನೆಯಲ್ಲಿ ಇಡೀ ದಿನ. ಕಂಪ್ಯೂಟರಿನ ದಾಖಲೆ ಎಂದರೆ ಅದನ್ನು ಕಾಪಾಡಿದವರು ಯಾರು, ಎಲ್ಲಿಂದ ಬಂತು, ಏನೇನಾಯಿತು ಎಂದು ಬರೆದು ಸಹಿ ಹಾಕಬೇಕಂತೆ. ನಾನು ಮಾಡಿದ ಅನಾಹುತವನ್ನೂ ಬರೆಯಬೇಕೇ ಎಂದೆ.

"ಬರೀಲೇಬೇಕು. ನಾವು ಮುಚ್ಚಿಟ್ಟರೆ ಅವರು ಕಿತ್ತು ತೆಗೀತಾರೆ."

"ಸಹಿ ಯಾರದು?"

"ಅಕ್ಕನದು ಆಗಲ್ಲವಲ್ಲ."

ಹಾಕಿದೆ. ಮೂರು ಕಡೆ.

ಅಕ್ಕ ಇವತ್ತು ಅರ್ಧ ರೊಟ್ಟಿ ತಿಂದಳು. ಕೂತದ್ದು ಎಷ್ಟು ಹೊತ್ತೋ ನೋಡಲಿಲ್ಲ. ನಮ್ಮ ಕೇಸಿನ ಕಾಗದಗಳನ್ನು ಅವಳ ಮಂಚದ ಮೇಲೆಯೇ ಹರಡಿಕೊಂಡು ಜೋಡಿಸಿದೆ. ಜರುಗಿ ಜಾಗ ಕೊಟ್ಟಳು.

ಜೂನ್ 23, ಸೋಮವಾರ

ಕಾರ್ಮಿಕ ಕಚೇರಿಯ ವಿಚಾರಣೆ ಕೋಣೆಯಲ್ಲಿ ಇಪ್ಪತ್ತು ಕುರ್ಚಿ. ನಾವು ಅರವತ್ತಾರು. ಒಳಗೆ ಹಿಡಿದಷ್ಟು ಜನ, ಮಿಕ್ಕವರು ಮೊಗಸಾಲೆಯಲ್ಲಿ, ಕಿಟಕಿಯಲ್ಲಿ. ಜವಾನ "ಇಷ್ಟು ಜನ ಯಾಕೆ ಬಂದ್ರಿ" ಎಂದಾಗ ಗಂಟಲು "ನಾವು ಒಬ್ಬಳೇ ಕಣಪ್ಪ, ಕಂಪ್ಯೂಟರ್ ನೋಡು" ಎಂದಳು. ನಾನು ತಲೆ ತಗ್ಗಿಸಿದೆ. ಇದು ಸಾಯುವವರೆಗೂ ಬಿಡುವುದಿಲ್ಲ.

ಕಂಪನಿಯ ವಕೀಲ ನನ್ನ ಹೇಳಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಇವರೇ ಬರೆದಿದ್ದಾರೆ ಸಾರ್, ಪಟ್ಟಿಯನ್ನ ತಾನೇ ಹಾಳು ಮಾಡಿದೆ ಅಂತ. ಕಂಪ್ಯೂಟರಿನಲ್ಲಿ ನೆನ್ನೆ ಕೂತು ಹತ್ತು ವರ್ಷದ್ದು ಬರೀಬಹುದು. ಇದಕ್ಕೇನು ಬೆಲೆ?"

ನಮ್ಮ ವಕೀಲೆ ಹನ್ನೊಂದು ಕಡ್ಡಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಹನ್ನೊಂದು ಮನೆ, ಬೇರೆಬೇರೆ ವರ್ಷ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಯಾವ ದಿನವನ್ನಾದರೂ ಕೇಳಿ, ಆ ದಿನದ ನಂತರದ ಯಾವ ಎರಡನ್ನಾದರೂ ತೆರೆಯಿರಿ ಎಂದಳು.

ಅಧಿಕಾರಿಗೆ ಅದು ಆಟದಂತೆ ಕಂಡಿತೋ ಏನೋ, ಕೇಳಿಯೇಬಿಟ್ಟ. ಮೂರು ವರ್ಷದ ಹಿಂದಿನ ಒಂದು ದಿನ. ಎರಡು ಕಡ್ಡಿಯಲ್ಲೂ ಒಂದೇ ಹದಿನೇಳು ಅಡ್ಡಹೆಸರು. ಇನ್ನೊಂದು ದಿನ. ಒಂದೇ ಇಪ್ಪತ್ತೆರಡು. ಐದು ದಿನ ಕೇಳಿದ. ಆರನೆಯದಕ್ಕೆ ಕೇಳುವುದು ಬಿಟ್ಟು ಓದತೊಡಗಿದ.

"ಇಲ್ಲಿ 'ಸೂಜಿಯ ಬೆರಳಿಗೆ ಚುಚ್ಚಿತು, ಗುಮಾಸ್ತ ರಕ್ತ ಒರೆಸಿಕೋ ಎಂದ' ಅಂತಿದೆ. ಸೂಜಿ ಅಂದ್ರೆ ಯಾರು?"

ಅವಳು ಎದ್ದು ನಿಂತು ಬೆರಳು ತೋರಿಸಿದಳು.

"ಸಾರ್, ಇಂಥ ಹೆಸರಿನವರು ಯಾರೂ ನಮ್ಮ ಪಟ್ಟಿಯಲ್ಲಿಲ್ಲ," ಎಂದ ಕಂಪನಿಯ ವಕೀಲ.

ಆಗ ಗಂಟಲು ಎದ್ದಳು. ಅಪ್ಪಣೆ ಕೇಳುವ ಅಭ್ಯಾಸ ಅವಳಿಗಿಲ್ಲ. "ನಿಮ್ಮ ಪಟ್ಟೀಲಿ ನಂಗೆ ಒಂಬತ್ತು ಹೆಸರಿದೆ ಸ್ವಾಮಿ. ಈ ಪಟ್ಟೀಲಿ ಒಂದೇ. ನಿಮ್ಮ ಒಂಬತ್ತರಲ್ಲಿ ಯಾವುದನ್ನ ಕೂಗಿದ್ರೂ ನಾನು ತಿರುಗಿ ನೋಡಲ್ಲ. ಇದನ್ನ ಕೂಗಿ, ನಿದ್ದೇಲೂ ಎದ್ದು ಬರ್ತೀನಿ."

ಮೊಗಸಾಲೆಯವರಿಗೂ ಕೇಳಿಸಿತು. ಪಕ್ಕದ ಕಟ್ಟಡದವರಿಗೂ ಕೇಳಿಸಿರಬೇಕು.

ತೀರ್ಪೇನೂ ಬರಲಿಲ್ಲ. ಕಡ್ಡಿಗಳನ್ನೂ ಈ ನೋಟ್‌ಬುಕ್ಕಿನ ಹಿಂದಿನ ಪುಟಗಳ ನಕಲನ್ನೂ ದಾಖಲೆಗೆ ತೆಗೆದುಕೊಂಡರು. ಗೇಟಿನ ಕಾವಲುಗಾರ ಬರೆಯುವ ಪುಸ್ತಕ ಒಂಬತ್ತು ವರ್ಷದ್ದೂ ತರಬೇಕು, ಹೊಂದಿಸಿ ನೋಡುತ್ತೇನೆ ಎಂದು ಅಧಿಕಾರಿ ಕಂಪನಿಗೆ ಹೇಳಿದ. ಕಂಪನಿಯ ವಕೀಲನ ಮುಖ ಒಗೆದ ಚಾದರದ ಹಾಗಾಯಿತು. ವಾಯಿದೆ ಆಗಸ್ಟ್ ನಾಲ್ಕಕ್ಕೆ. ಗೇಟಿನ ಪುಸ್ತಕ ಬಂದರೆ ಅರ್ಧ ಗೆದ್ದ ಹಾಗೆ, ಬರದಿದ್ದರೆ ಬಚ್ಚಿಟ್ಟರು ಎಂದಾಗಿ ಮುಕ್ಕಾಲು ಎಂದಳು ವಕೀಲೆ. ಅಲ್ಲಿಯವರೆಗೆ ಅರವತ್ತನಾಲ್ಕು ಒಲೆ ಹೇಗೆ ಉರಿಯುತ್ತವೆ ಎಂದು ಕಾನೂನು ಕೇಳುವುದಿಲ್ಲ.

ಅಕ್ಕನಿಗೆ ಎಲ್ಲವನ್ನೂ ಹೇಳಿದೆ, ಗಂಟಲಿನ ಮಾತನ್ನು ಅವಳ ದನಿಯಲ್ಲೇ. ಧಿಕ್ಕಾರ ಎಂದಳು, ಮೆಲ್ಲಗೆ. ಇದು ಯಾವುದೆಂದು ನನಗಿನ್ನೂ ಗೊತ್ತಿಲ್ಲ. ಹೊಸದು.

ಜೂನ್ 30, ಸೋಮವಾರ

ನರ್ಸು ಬಂದು ಈ ನೋಟ್‌ಬುಕ್ ತಿರುವಿ ಹಾಕಿದರು. "ಇದರಲ್ಲಿ ರೋಗಿ ಎಲ್ಲಿದ್ದಾರೆ?" ಎಂದರು. ನಾನೂ ಹುಡುಕಿದೆ.

ತಿಂಗಳ ಕೊನೆ. ಅಕ್ಕ ಕಡ್ಡಿ ಮಾಡಿದಾಗಲೆಲ್ಲ ಇಂಥ ದಿನವೇ, ಚೀಟಿಗಳು ಹಾಗೆನ್ನುತ್ತವೆ. ಆಗಸ್ಟ್ ನಾಲ್ಕರವರೆಗೆ ಯಾರಾದರೂ ಮಾಡಬೇಕಲ್ಲ ಎಂದು ಸಂಘದ ಕೋಣೆಗೆ ಹೋದೆ. ಅಲ್ಲಿಯವರೆಗೆ ಮಾತ್ರ. ಆಮೇಲೆ ಅವರಲ್ಲೇ ಯಾರಿಗಾದರೂ ಕಲಿಸಿದರಾಯಿತು. ಸೂಜಿಯ ಕೈ ಚುರುಕಾಗಿದೆ. ನಾಳೆಯಿಂದಲೇ ಬರುತ್ತಾಳಂತೆ. ಅವಳ ಜೊತೆ ಇನ್ನೂ ಮೂವರು.

ಪಟ್ಟಿಯಲ್ಲಿ ನಂಬರುಗಳನ್ನು ತಿದ್ದಬೇಕಿತ್ತು. ಲಾಂಡ್ರಿ ಕಂಪನಿಯವರು ಸಾಲುಮನೆಯ ಫೋನುಗಳಿಗೆ ಫೋನು ಮಾಡಿ ಹೆದರಿಸುತ್ತಿದ್ದಾರೆ. ಹಾಗಾಗಿ ನೋಟೀಸಿಗೂ ವಾಯಿದೆಗೂ ನಲವತ್ತೊಂದು ಜನ ನನ್ನ ನಂಬರನ್ನೇ ಕೊಟ್ಟಿದ್ದಾರೆ. ಕೇಳಿ ಕೊಟ್ಟದ್ದಲ್ಲ. "ನಿನ್ನದು ಕೊಟ್ಟಿದೀನಿ" ಎಂದು ಆಮೇಲೆ ಹೇಳಿದ್ದು. ದಿನಕ್ಕೆ ಇಪ್ಪತ್ತು ಸಲ ಫೋನು ಬರುತ್ತದೆ, ಒಂದೂ ನನಗಲ್ಲ. ಎತ್ತಿದ ಕೂಡಲೇ "ಯಾರು ಬೇಕಿತ್ತು?" ಎನ್ನುತ್ತೇನೆ. ಅಕ್ಕನಿಗೆ ಅದನ್ನು ಕೇಳಿ ಕೇಳಿ ನಗು.

ಒಬ್ಬೊಬ್ಬರ ಮುಂದೆಯೂ ನನ್ನ ನಂಬರು ಒತ್ತಿದೆ. ಗಂಟಲು. ಸೂಜಿ. ಉದ್ದವಳು. ನಗೋಳು. ನಲವತ್ತೊಂದು ಸಲ. ಕೆಳಗೆ ನನ್ನ ಹೆಸರು, ಅಕ್ಕ ಬರೆದ ಹಾಗೆಯೇ ಇದೆ. ತಿದ್ದಲಿಲ್ಲ.

ಆಮೇಲೆ ಕಡ್ಡಿ ಚುಚ್ಚಿ, ನಕಲು ಮಾಡು ಎಂದು ಒತ್ತಿದೆ. ಕಂಪ್ಯೂಟರು ಸ್ವಲ್ಪ ಹೊತ್ತು ಯೋಚಿಸಿ ಕೇಳಿತು: ಈ ನಲವತ್ತೆರಡು ಕಡೆ ಒಂದೇ ನಂಬರು ಇದೆ. ಇವರೆಲ್ಲ ಒಬ್ಬರೇ ಏನು?

ಈ ಸಲ ಕುರ್ಚಿಯಿಂದ ಏಳಲಿಲ್ಲ. ಹೊರಗೆ ಕಿಟಕಿಯ ಆಚೆ ಪಾಳಿ ಬಿಡುವ ಸದ್ದು. ಆ ಪ್ರಶ್ನೆಯನ್ನೇ ನೋಡುತ್ತಾ ಕೂತೆ. ಅದು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬೇಡ ಎಂದು ಒತ್ತಿ, ನಲವತ್ತೆರಡನ್ನೂ ಬೇರೆಬೇರೆಯಾಗಿಯೇ ನಕಲು ಮಾಡಿಕೊಂಡೆ. ಕಡ್ಡಿಗೆ ಚೀಟಿ ಅಂಟಿಸಿ ತಾರೀಖು ಬರೆದೆ. ಯಾರ ಡಬ್ಬಿಗೆ ಹೋಗಿದೆ ಎಂದು ಇಲ್ಲಿ ಬರೆಯುವುದಿಲ್ಲ.